ಒಂದೇ ಸಲ ಬರುವ ಹೆಸರುಗಳು

4 ಮಾರ್ಚ್ 1986

ಪ್ರೀತಿಯ ಸಣ್ಣಿ,

ಕಾಗದದ ಜೊತೆ ಬಂದಿರುವ ದಪ್ಪ ಕಟ್ಟನ್ನು ನೋಡಿ ಗಾಬರಿಯಾಗಬೇಡ. ಅವು ಒಂದು ಪುಸ್ತಕದ ಅಚ್ಚಿನ ಹಾಳೆಗಳು. ಇನ್ನೂ ಹೊಲಿದಿಲ್ಲ, ಆದ್ದರಿಂದ ಫ್ಯಾನು ಹಾಕುವ ಮೊದಲು ಮೇಲೊಂದು ಭಾರ ಇಡು.

ನಾನು ಏನು ಕೆಲಸ ಮಾಡುತ್ತೇನೆಂದು ನಿನ್ನ ನಾದಿನಿ ಕೇಳಿದಾಗಲೆಲ್ಲ ನೀನು 'ಏನೋ ಪುಸ್ತಕದ್ದು' ಎಂದು ತೇಲಿಸಿಬಿಡುತ್ತೀಯಂತೆ. ಈಗ ಸರಿಯಾಗಿ ಕಲಿತುಕೋ. ದೊಡ್ಡ ಪುಸ್ತಕಗಳ ಕೊನೆಯಲ್ಲಿ ಒಂದು ಪಟ್ಟಿ ಇರುತ್ತದೆ, ಯಾವ ವ್ಯಕ್ತಿ, ಯಾವ ವಿಷಯ ಎಷ್ಟನೇ ಪುಟದಲ್ಲಿದೆ ಎಂದು. ಅದೇ ಪದಸೂಚಿ. ಮೂವತ್ತೊಂದು ವರ್ಷದಿಂದ ನಾನು ಯಾರ ಕೈಕೆಳಗೂ ಇಲ್ಲದೆ, ನನ್ನ ಕೋಣೆಯಲ್ಲಿ ಕೂತು ಅದನ್ನೇ ಮಾಡುತ್ತಿದ್ದೇನೆ. ಈಗ ಬಂದಿರುವುದು ಒಂದು ಬಂದರಿನ ನೂರು ವರ್ಷದ ಇತಿಹಾಸ, ಆರುನೂರ ಹನ್ನೆರಡು ಪುಟ.

ಅದರಲ್ಲಿ ಒಂದು ಭಾಗ ನಿನಗೆ. ವ್ಯಕ್ತಿಗಳ ಹೆಸರು ಮಾತ್ರ ನೀನು ನೋಡು, ಉಳಿದದ್ದು ನನ್ನದು. ನಿನ್ನ ಯಜಮಾನರು ಲಕ್ವ ಹೊಡೆದು ಮಲಗಿದಾಗಿನಿಂದ ನೀನು ಅವರ ಮುಖ ಮತ್ತು ಎದುರಿನ ಗೋಡೆ ಎರಡನ್ನೇ ನೋಡುತ್ತಿದ್ದೀಯ. ಹೀಗೇ ಬಿಟ್ಟರೆ ಗೋಡೆಯ ಜೊತೆ ಮಾತಾಡಲು ಶುರು ಮಾಡುತ್ತೀಯ. ಇದನ್ನು ಅಕ್ಕನ ಉಪಕಾರ ಎಂದುಕೋ.

ಒಂದು ಹೆಸರಿಗೆ ಒಂದು ಚೀಟಿ. ಚೀಟಿಯಲ್ಲಿ ಹೆಸರು, ಪುಟದ ಸಂಖ್ಯೆ, ಮತ್ತೇನೂ ಬೇಡ. ಇಡೀ ಪುಸ್ತಕದಲ್ಲಿ ಒಂದೇ ಸಲ ಸುಮ್ಮನೆ ಬಂದು ಹೋಗುವ ಹೆಸರುಗಳನ್ನು ಬಿಟ್ಟುಬಿಡು. ಬೀದಿಯಲ್ಲಿ ಸಿಕ್ಕಿ ನಮಸ್ಕಾರ ಹೇಳಿದವರಿಗೆಲ್ಲ ಮನೆಯಲ್ಲಿ ಕುರ್ಚಿ ಹಾಕಲಾಗದು. ಇದು ನನ್ನ ನಿಯಮ, ಇದರಿಂದಲೇ ನನ್ನ ಪಟ್ಟಿ ಅಚ್ಚುಕಟ್ಟು ಎಂದು ಹೆಸರಾಗಿರುವುದು.

ನನಗೆ ಬರೆಯುವಾಗ ಕಪ್ಪು ಶಾಯಿಯಲ್ಲಿ, ದೊಡ್ಡದಾಗಿ ಬರೆ. ನಿನ್ನ ಇರುವೆ ಅಕ್ಷರಗಳ ಜೊತೆ ಗುದ್ದಾಡಲು ನನಗೆ ಪುರುಸೊತ್ತಿಲ್ಲ. ಮತ್ತೆ, ಈ ಕೆಲಸದಲ್ಲಿ ನಿನ್ನ ಕೈ ಇದೆ ಎಂದು ಯಾರಿಗೂ ಬಾಯಿ ಬಿಡಬೇಡ. ಪ್ರಕಾಶಕರು ಕೊಟ್ಟಿರುವುದು ನನ್ನನ್ನು ನಂಬಿ.

ನಿನ್ನ ಅಕ್ಕ

&nbsp;

19 ಮಾರ್ಚ್ 1986

ಪ್ರೀತಿಯ ಅಕ್ಕ,

ದೊಡ್ಡದಾಗಿ ಬರೆದಿದ್ದೇನೆ, ಕಪ್ಪಾಗಿಯೂ ಬರೆದಿದ್ದೇನೆ. ಹೀಗೆ ಬರೆದರೆ ಎರಡು ಮಾತಿಗೇ ಒಂದು ಪುಟ ಮುಗಿಯುತ್ತದೆ. ಒಂದನೇ ಕ್ಲಾಸಿನ ಕಾಪಿ ಪುಸ್ತಕದ ಹಾಗೆ ಕಾಣುತ್ತಿದೆ.

ಉಪಕಾರವೋ ಮತ್ತೊಂದೋ, ಕೆಲಸ ಹಿಡಿಸಿತು. ಊಟದ ಮೇಜನ್ನು ಇವರ ಮಂಚದ ಪಕ್ಕಕ್ಕೆ ಎಳೆದುಕೊಂಡಿದ್ದೇನೆ. ಇವರ ಬಲಗೈ, ಬಲಗಾಲು ಹಾಗೇ ಇವೆ. ಮಾತು ಮಾತ್ರ ಅಲ್ಪಸ್ವಲ್ಪ ತಿರುಗುತ್ತಿದೆ. ಇಪ್ಪತ್ತಾರು ವರ್ಷ ಕೈಗಡಿಯಾರಗಳ ಕೂದಲೆಳೆಯಂಥ ಸ್ಪ್ರಿಂಗು ಹಿಡಿದ ಕೈಯಲ್ಲಿ ಈಗ ಚಮಚ ನಿಲ್ಲುವುದಿಲ್ಲ. ನಾನು ಹೆಸರು ಓದಿ ಹೇಳುತ್ತೇನೆ, ಇವರು ತಲೆ ಅಲ್ಲಾಡಿಸುತ್ತಾರೆ. ಬಂದರಿನ ಮೊದಲ ಅಧಿಕಾರಿಯ ಹೆಸರು ನಲವತ್ತು ಕಡೆ ಬರುತ್ತದೆ. ಮೂವತ್ತನೇ ಸಲ ಓದಿದಾಗ ಇವರು, "ಅವ್ನು ಮನೇಗೇ ಹೋಗ್ತಿರ್ಲಿಲ್ವಾ?" ಎಂದರು. ಎಷ್ಟೋ ತಿಂಗಳ ಮೇಲೆ ಇವರ ಬಾಯಿಂದ ಬಂದ ತಮಾಷೆ.

ಒಂದು ಮಾತು. ನಿನ್ನ ಕಾಗದದ ಸಾಲುಗಳು ಕೆಳಗೆ ಬರುತ್ತಾ ಬರುತ್ತಾ ಇಳಿಜಾರಾಗಿ, ಕೊನೆಯಲ್ಲಿ ಒಂದರ ಮೇಲೊಂದು ಹತ್ತಿವೆ. ಅಷ್ಟು ಅವಸರದಲ್ಲಿ ಬರೆಯಬೇಡವೇ.

ಸಣ್ಣಿ

&nbsp;

2 ಮೇ 1986

ಪ್ರೀತಿಯ ಸಣ್ಣಿ,

ಮೊದಲ ಕಂತಿನ ಚೀಟಿಗಳು ಬಂದವು. ಪರವಾಗಿಲ್ಲ. ಗಡಿಯಾರದವರು ತಮಾಷೆ ಮಾಡಿದರೆಂದು ಓದಿ ನಾನೂ ನಕ್ಕೆ. ಎಡಗೈಗಾದರೂ ಕೆಲಸ ಕೊಡು, ಸುಮ್ಮನೆ ಬಿಡಬೇಡ.

ಇನ್ನು ಕೆಲಸದ ವಿಷಯ. ನನ್ನ ಹತ್ತಿರ ಇನ್ನೂ ಎರಡು ಪುಸ್ತಕ ಬಂದು ಕೂತಿವೆ, ತಲೆ ಎತ್ತಲು ಬಿಡುವಿಲ್ಲ. ಹಡಗು, ಸುಂಕ, ಕಾಯಿದೆ, ಗೋದಾಮು, ಇವುಗಳ ಚೀಟಿಯನ್ನೂ ನೀನೇ ಬರೆದುಬಿಡು. ಹೇಗೂ ಪ್ರತಿ ಪುಟ ಓದುತ್ತಿದ್ದೀಯ. ಓದುವ ಕಣ್ಣು ಒಂದೇ ಇದ್ದರೆ ಪಟ್ಟಿಗೂ ಒಂದು ಹದ ಬರುತ್ತದೆ.

ಅವಸರದ ಮಾತಂತೂ ನಿಜ. ಕಾಲು ಉಳುಕಿ ಮೂರು ವಾರವಾಯಿತು, ಬರೆಯಲು ಸರಿಯಾಗಿ ಕೂರಲಾಗುತ್ತಿಲ್ಲ. ಕೆಳಗಿನ ಬೈಂಡಿಂಗ್ ಅಂಗಡಿಯವನು ಮೆಟ್ಟಿಲಿನ ಮೇಲೆ ರಟ್ಟಿನ ಹೊರೆ ಇಟ್ಟಿದ್ದ. ನಾನು ಬೈದರೆ ಅವನು, "ಒಂದು ಆಳೆತ್ತರ ಇತ್ತಲ್ಲ ಮೇಡಂ, ಕಾಣಿಸ್ಲಿಲ್ವಾ?" ಎನ್ನುತ್ತಾನೆ. ತಪ್ಪು ಮಾಡಿದವರಿಗೇ ಬಾಯಿ ಜೋರು.

ನಿನ್ನ ಅಕ್ಕ

&nbsp;

24 ಮೇ 1986

ಪ್ರೀತಿಯ ಅಕ್ಕ,

ಮಾಡುತ್ತೇನೆ. ನೀನು ಈಗ ದೊಡ್ಡ ಗುತ್ತಿಗೆದಾರಳು, ನಾನು ಕೂಲಿಯವಳು, ಆಗುವುದಿಲ್ಲ ಎನ್ನಲು ನಾನ್ಯಾರು? ಬೇಜಾರು ಮಾಡಿಕೊಳ್ಳಬೇಡ, ತಮಾಷೆಗೆ ಹೇಳಿದೆ. ಅರ್ಧ ತಮಾಷೆಗೆ.

ಇವರಿಗೆ ಸ್ವಲ್ಪ ಜ್ವರ. ಡಾಕ್ಟರು ಬಂದು ಹೋದರು. ಅಂಥದ್ದೇನಿಲ್ಲ. ಕಾಲಿಗೆ ಬಿಸಿನೀರು ಹಾಕಿಕೋ.

ಸಣ್ಣಿ

&nbsp;

8 ಜುಲೈ 1986

ಸಣ್ಣಿ,

ಆರು ವಾರದಿಂದ ನಿನ್ನಿಂದ ಒಂದು ಚೀಟಿಯೂ ಇಲ್ಲ. ಪ್ರಕಾಶಕರ ಜವಾನ ಎರಡು ಸಲ ಬಂದು ಬಾಗಿಲಲ್ಲಿ ನಿಂತು ಹೋದ. ನಾನು ಅವನಿಗೆ, "ಒಳ್ಳೇ ಕೆಲಸಕ್ಕೆ ಹೊತ್ತು ಹಿಡಿಯುತ್ತಪ್ಪ" ಎಂದು ಹೇಳಿ ಕಳಿಸಿದೆ. ಮೂರನೇ ಸಲ ಏನು ಹೇಳಲಿ? ಕೆಲಸ ಒಪ್ಪಿಕೊಂಡ ಮೇಲೆ ಮನೆಯ ತಾಪತ್ರಯ ಎಲ್ಲರಿಗೂ ಇರುತ್ತದೆ. ನನಗೂ ಇದೆ, ನಾನು ಹೇಳುತ್ತಾ ಕೂರುವುದಿಲ್ಲ ಅಷ್ಟೆ.

ಚೀಟಿಗಳನ್ನು ಕಂತಿನಲ್ಲಿ ಕಳಿಸಬೇಡ. ಮೊದಲ ಕಂತನ್ನೂ ವಾಪಸು ಕಳಿಸಿದ್ದೇನೆ, ಎಲ್ಲವನ್ನೂ ಅಕಾರಾದಿಯಾಗಿ ಜೋಡಿಸಿ, ಪೆಟ್ಟಿಗೆಯಲ್ಲಿ ತುಂಬಿ, ಒಟ್ಟಿಗೆ ಕಳಿಸು. ಟೈಪು ಮಾಡುವವಳಿಗೆ ನೇರವಾಗಿ ಕೊಡುವ ಹಾಗಿರಲಿ. ಕೊಡುವ ಮೊದಲು ನಾನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಒಂದೊಂದನ್ನೂ ನೋಡುತ್ತೇನೆ, ಅದರ ಚಿಂತೆ ನಿನಗೆ ಬೇಡ.

ಅಕ್ಕ

&nbsp;

29 ಜುಲೈ 1986

ಅಕ್ಕ,

ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ, ಬೈಯಬೇಡ. ಶಾಯಿ ನನ್ನ ಮನೆಯಲ್ಲಿದೆ, ನಾನು ನಾದಿನಿಯ ಮನೆಯಲ್ಲಿದ್ದೇನೆ. ಸಿಕ್ಕಿದ್ದು ಇದೊಂದೇ ಹಾಳೆ, ಆದ್ದರಿಂದ ಅಕ್ಷರವೂ ಸಣ್ಣದು.

ಇವರು ಹೋಗಿಬಿಟ್ಟರು. ಇಪ್ಪತ್ತೊಂದನೇ ತಾರೀಕು, ಸೋಮವಾರ, ಬೆಳಿಗ್ಗೆ ಹತ್ತು ಗಂಟೆಗೆ. ಜ್ವರ ಎಂದು ಬರೆದಿದ್ದೆನಲ್ಲ, ಅದು ಆಗಲೇ ಎದೆಗೆ ಇಳಿದಿತ್ತು. ನಿನಗೆ ಕೆಲಸದ ಭಾರ ಇದೆ ಎಂದು ಪೂರ್ತಿ ಹೇಳಲಿಲ್ಲ. ತಂತಿ ಕೊಡೋಣ ಎಂದು ನಾದಿನಿ ಹೇಳಿದಳು. ಎರಡು ದಿನದ ದಾರಿ, ನೀನು ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು, ಅದೂ ಕಾಲು ಉಳುಕಿದವಳು. ಬೇಡ ಎಂದೆ. ಆದರೆ ಈಗ ಬಾ, ಅಕ್ಕ. ನನಗೆ ಕೈಕಾಲೇ ಆಡುತ್ತಿಲ್ಲ.

ನಿನ್ನಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ಚೀಟಿ ಜೋಡಿಸಿದ್ದು ನಾನಲ್ಲ, ಇವರು. ನೀನು ನನಗೆ ಹಂಚಿದೆ, ನಾನು ಇವರಿಗೆ ಹಂಚಿದೆ. ನೀನು ಜೋಡಿಸು ಎನ್ನುವ ಮೊದಲೇ ಶುರು ಮಾಡಿದ್ದರು. ಎದೆಯ ಮೇಲೆ ಹಲಗೆ ಇಟ್ಟುಕೊಂಡು ಎಡಗೈಯಿಂದ ಒಂದೊಂದೇ ಸರಿಸಿ, ಮೂರು ತಿಂಗಳಲ್ಲಿ 'ಅ'ದಿಂದ 'ಮ'ದವರೆಗೆ ಬಂದಿದ್ದರು. ಆ ಬೆಳಿಗ್ಗೆಯೂ 'ಮ' ಚೀಟಿಗಳೇ ಹಲಗೆಯ ಮೇಲಿದ್ದವು. ನಾನು ಹಾಲು ಬಿಸಿ ಮಾಡಲು ಹೋಗಿ ಬರುವಷ್ಟರಲ್ಲಿ ಚೀಟಿಗಳು ನೆಲದಲ್ಲಿದ್ದವು. ಚೀಟಿ ಬೀಳಿಸಿದರಲ್ಲ ಎಂದು ಒಂದು ಕ್ಷಣ ನನಗೆ ಸಿಟ್ಟು ಬಂತು. ಆಮೇಲೆ ಮುಖ ನೋಡಿದೆ.

ಕೆಲಸ ಮುಗಿಸಿ ಕಳಿಸುತ್ತೇನೆ, ಇವರು ಕೈ ಹಚ್ಚಿದ್ದು ಅರ್ಧಕ್ಕೆ ನಿಲ್ಲಬಾರದು. ಆದರೆ ಒಂದು ಪ್ರಶ್ನೆ ಇದೆ, ಮರೆಯದೆ ಉತ್ತರ ಬರೆ. ನಾನೂರ ಎಂಬತ್ತನೇ ಪುಟದಲ್ಲಿ ಸರಕು ಇಳಿಸುವ ಹಳೆಯ ಧಕ್ಕೆ ಕುಸಿದು ಸತ್ತ ಮೂವತ್ತೇಳು ಜನ ಹಮಾಲರ ಪಟ್ಟಿ ಇದೆ, ವಯಸ್ಸಿನ ಸಮೇತ. ಅವರು ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ನಿನ್ನ ನಿಯಮದಂತೆ ಅವರನ್ನು ಬಿಡಬೇಕು. ಇವರಿಗೆ ಓದಿ ಹೇಳಿದಾಗ, "ಬಿಡ್ಬೇಡ ಕಣೇ, ಪಾಪ" ಎಂದರು. ನನಗೂ ಮನಸ್ಸು ಬರುತ್ತಿಲ್ಲ. ಸದ್ಯಕ್ಕೆ ಮೂವತ್ತೇಳೂ ಚೀಟಿ ಬರೆದು ಸೇರಿಸಿದ್ದೇನೆ. ಇಡಲೋ ತೆಗೆಯಲೋ, ಒಂದು ಸಾಲು ಬರೆದು ತಿಳಿಸು.

ಸಣ್ಣಿ

&nbsp;

11 ಆಗಸ್ಟ್ 1986

ಸಣ್ಣಿ,

ನಿನ್ನ ಕಾಗದ ಬಂತು. ಎಲ್ಲ ಓದಿದೆ. ತಡವಾದದ್ದಕ್ಕೆ ನೀನು ಹೇಳುವ ಕಾರಣಗಳನ್ನು ಹಿಡಿದು ನಾನೇನೂ ಜಗಳಕ್ಕೆ ಬರುವುದಿಲ್ಲ. ಆದದ್ದು ಆಯಿತು. ಇನ್ನಾದರೂ ಚುರುಕಾಗು.

ಕೆಲಸದಲ್ಲಿ ಹೊಸದಾಗಿ ಹೇಳುವುದೇನಿಲ್ಲ. ನಾನು ಮೊದಲು ಬರೆದ ನಿಯಮಗಳೇ ನಿಯಮ, ಪ್ರತಿಯೊಂದಕ್ಕೂ ನನ್ನನ್ನು ಕೇಳುತ್ತಾ ಕೂರಬೇಡ. ಈ ತಿಂಗಳ ಕೊನೆಯೊಳಗೆ ಪೆಟ್ಟಿಗೆ ನನ್ನ ಮೇಜಿನ ಮೇಲಿರಬೇಕು.

ನಿನ್ನ ಯಜಮಾನರನ್ನು ಸದಾ ಮಲಗಿರಲು ಬಿಡಬೇಡ. ಎಬ್ಬಿಸಿ ಕೂರಿಸು, ಬೈದಾದರೂ ಕೂರಿಸು. ಮಲಗಿದಷ್ಟೂ ಮನುಷ್ಯ ಸೋಮಾರಿಯಾಗುತ್ತಾನೆ. ನಾನು ಕೇಳಿದೆನೆಂದು ಅವರಿಗೆ ಹೇಳು.

ಅಕ್ಕ

&nbsp;

25 ಆಗಸ್ಟ್ 1986

ಅಕ್ಕನವರಿಗೆ,

ಪೆಟ್ಟಿಗೆ ಕಳಿಸಿದ್ದೇನೆ. ಒಟ್ಟು ಎರಡು ಸಾವಿರದ ನೂರ ಆರು ಚೀಟಿ. ಎಲ್ಲವೂ ನಿಮ್ಮ ನಿಯಮದ ಪ್ರಕಾರ ಇವೆ. ಇನ್ನು ಮುಂದೆ ನನಗೆ ಕೆಲಸ ಕಳಿಸುವ ಅಗತ್ಯವಿಲ್ಲ.

ಇತಿ

&nbsp;

12 ಸೆಪ್ಟೆಂಬರ್ 1986

ಪ್ರೀತಿಯ ಸಣ್ಣಿ,

ಪೆಟ್ಟಿಗೆ ಬಂದು ಸೇರಿತು. ಒಂದೊಂದು ಚೀಟಿಯನ್ನೂ ನೋಡಿದೆ. ಅಲ್ಲಲ್ಲಿ ಎರಡು ಮೂರು ತಪ್ಪು ಇದ್ದವು, ತಿದ್ದಿದ್ದೇನೆ, ಮೊದಲ ಸಲಕ್ಕೆ ಅಷ್ಟು ಸಹಜ. ಒಟ್ಟಿನಲ್ಲಿ ಅಕ್ಕನ ಹೆಸರು ಉಳಿಸಿದೆ. ನಿನ್ನನ್ನು ಹೊಗಳುವ ಅಭ್ಯಾಸ ನನಗಿಲ್ಲ, ಹಾಗಾಗಿ ಈ ಒಂದು ಸಾಲನ್ನೇ ಜೋಪಾನವಾಗಿ ಇಟ್ಟುಕೋ.

ಮುಂದಿನದು ಕಾನೂನಿನ ಪುಸ್ತಕ, ಒಂಬೈನೂರು ಪುಟ. ಈ ಸಲ ಅರ್ಧ ಭಾಗ ಎಂದೆಲ್ಲ ಬೇಡ, ಇಡಿಯಾಗಿ ನಿನಗೇ ಕಳಿಸುತ್ತೇನೆ. ಸಿದ್ಧಳಾಗಿರು.

ನಿನ್ನ ಅಕ್ಕ

&nbsp;

30 ನವೆಂಬರ್ 1986

ಪ್ರೀತಿಯ ಸಣ್ಣಿ,

ಇದು ಮೂರನೇ ಕಾಗದ. ಮೊದಲಿನೆರಡಕ್ಕೆ ಉತ್ತರವಿಲ್ಲ. ಕಾನೂನಿನ ಪುಸ್ತಕ ಕಟ್ಟು ಬಿಚ್ಚದೆ ವಾಪಸು ಬಂತು. ನನ್ನ ಮೇಲೆ ಏನು ಕೋಪ? ಜುಲೈಯಲ್ಲಿ ಜೋರು ಮಾಡಿದ್ದಕ್ಕೋ? ನನ್ನ ಬಾಯಿ ನಿನಗೆ ಗೊತ್ತಿಲ್ಲದ್ದೇ?

ಬಂದರಿನ ಪುಸ್ತಕ ಹೊರಗೆ ಬಂತು. ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂರಿಸಿದರು. ಪದಸೂಚಿಯ ಬಗ್ಗೆ ಒಬ್ಬರು ನಾಲ್ಕು ಮಾತಾಡಿದಾಗ ಚಪ್ಪಾಳೆಯೂ ಆಯಿತು. ನನಗೆ ನಿನ್ನದೇ ನೆನಪು. ಎದ್ದು ನಿಂತು 'ಇದು ನನ್ನ ತಂಗಿ ಮಾಡಿದ್ದು' ಎನ್ನೋಣ ಅನ್ನಿಸಿತು. ಅನ್ನಲಿಲ್ಲ.

ಗಡಿಯಾರದವರ ಕೈಯಲ್ಲಾದರೂ ಎರಡು ಸಾಲು ಗೀಚಿಸು. ಇಲ್ಲಿ ಮಧ್ಯಾಹ್ನಗಳು ತುಂಬ ಉದ್ದವಾಗಿವೆ.

ನಿನ್ನ ಅಕ್ಕ

&nbsp;

15 ಫೆಬ್ರವರಿ 1987

ಸಣ್ಣಿ,

ಈ ಅಕ್ಷರ ನನ್ನದಲ್ಲ. ನಾನು ಹೇಳುತ್ತಿದ್ದೇನೆ, ಇನ್ನೊಬ್ಬರು ಬರೆಯುತ್ತಿದ್ದಾರೆ. ಅವರು ಯಾರೆಂದು ಮೊದಲು ಹೇಳಬೇಕು.

ಮೂರು ಬೀದಿ ಆಚೆ ಬಟ್ಟೆ ಹೊಲಿಯುವ ಹೆಂಗಸು. ನನಗೆ ಪರಿಚಯವಿರಲಿಲ್ಲ. ಪ್ರಕಾಶಕರಿಂದ ನನ್ನ ವಿಳಾಸ ತೆಗೆದುಕೊಂಡು, ಹೋದ ಶನಿವಾರ ಬಂದರಿನ ಪುಸ್ತಕ ಹಿಡಿದು ಮೆಟ್ಟಿಲು ಹತ್ತಿ ಬಂದರು. ಇಪ್ಪತ್ತೆರಡು ವರ್ಷದ ಹಿಂದೆ ಧಕ್ಕೆ ಕುಸಿದಾಗ ಅವರ ಅಣ್ಣ ಅದರ ಮೇಲಿದ್ದ. "ಪುಸ್ತಕ ಬಂದ ದಿನಾನೇ ನಮ್ಮಮ್ಮ ತರಿಸ್ಕೊಂಡ್ರು. ಹಿಂದಿನ ಪಟ್ಟೀಲಿ ಹುಡುಕಿ, 'ನನ್ನ ಮಗ ಇಲ್ಲ' ಅಂತ ಮುಚ್ಚಿಟ್ಬಿಟ್ರು," ಎಂದರು. "ಪಟ್ಟಿ ಮಾಡಿದ್ದು ನೀವಂತೆ. ನಮ್ಮಣ್ಣನ ಹೆಸರು ಎಲ್ಲಿದೆ ತೋರ್ಸಿ."

ನನಗೆ ಸಿಟ್ಟು ಬಂತು. ನನ್ನ ಪಟ್ಟಿಯಲ್ಲಿ ಹೆಸರು ಇರದೆ ಎಲ್ಲಿ ಹೋಗುತ್ತದೆ? ಅಣ್ಣನ ಹೆಸರು ಕೇಳಿದೆ. ಕನ್ನಡಕ ಹಾಕಿಕೊಂಡೆ. ಪುಸ್ತಕ ತಿರುವಿ, ಅಂದಾಜಿನ ಮೇಲೆ ಒಂದು ಕಡೆ ಬೆರಳಿಟ್ಟು, "ಇಲ್ಲಿದೆ ನೋಡಿ, ಸರಿಯಾಗಿ ನೋಡದೆ ಬಂದು ಜಗಳ ಆಡ್ತೀರಲ್ಲ" ಎಂದೆ.

ಅವರು ನನ್ನ ಬೆರಳಿನ ಹತ್ತಿರ ಬಗ್ಗಿ ನೋಡಿದರು. ಆಮೇಲೆ, "ಅಮ್ಮಾ, ಅದು 'ಉಪ್ಪಿನ ಸುಂಕ'," ಎಂದರು.

ಸಣ್ಣಿ, ನನಗೆ ಕಾಣುವುದಿಲ್ಲ. ಹೋದ ವರ್ಷ ನಿನಗೆ ಮೊದಲ ಕಟ್ಟು ಕಳಿಸಿದಾಗಲೇ ಅಚ್ಚಿನ ಅಕ್ಷರ ಕರಗಿಹೋಗಿತ್ತು. ಉಪಕಾರ ಎಂದೆನಲ್ಲ, ಸುಳ್ಳು. ಎರಡು ಪುಸ್ತಕ ಬಂದು ಕೂತಿವೆ ಎಂದದ್ದೂ ಸುಳ್ಳು. ಯಾರಿಗಾದರೂ ಗೊತ್ತಾದರೆ ಮತ್ತೊಂದು ಪುಸ್ತಕ ಬರುವುದಿಲ್ಲ, ಪುಸ್ತಕ ಬರದಿದ್ದರೆ ನಾನು ಯಾರು ಎಂಬ ಹೆದರಿಕೆ. ನಿನ್ನ ಕಪ್ಪು ಅಕ್ಷರವನ್ನು ಭೂತಗನ್ನಡಿ ಹಿಡಿದು ಮೇ ತಿಂಗಳವರೆಗೆ ಹೇಗೋ ಓದಿದೆ. ಜುಲೈ ಕಾಗದ ನನಗೆ ಬಿಳಿ ಹಾಳೆ. ಯಾರ ಹತ್ತಿರ ಓದಿಸಲಿ? ತಡವಾದದ್ದಕ್ಕೆ ಏನೋ ನೆವ ಬರೆದಿರುತ್ತೀಯ ಎಂದುಕೊಂಡೆ. ಪೆಟ್ಟಿಗೆಯ ಒಂದು ಚೀಟಿಯನ್ನೂ ನಾನು ನೋಡಿಲ್ಲ.

ನನ್ನ ಡ್ರಾಯರಿನಲ್ಲಿದ್ದ ನಿನ್ನ ಕಾಗದಗಳನ್ನು ಈ ತಾಯಿಯೇ ಓದಿ ಹೇಳಿದರು. ಇಪ್ಪತ್ತೊಂದನೇ ತಾರೀಕು, ಸೋಮವಾರ. ಏಳು ತಿಂಗಳ ಮೇಲೆ, ಗುರುತಿಲ್ಲದವರ ಬಾಯಿಂದ ನಾನು ಅದನ್ನು ಕೇಳಿದೆ. ಅದಕ್ಕೆ ನಾನು ಏನು ಉತ್ತರ ಬರೆದಿದ್ದೆ ಎಂಬುದೂ ನೆನಪಾಯಿತು. ಕೊನೆಯ ಪ್ಯಾರಾದಲ್ಲಿ ತಮ್ಮ ಅಣ್ಣನ ವಿಷಯ ಬಂದಾಗಲೂ ಅವರು ನಿಲ್ಲಿಸದೆ ಓದಿದರು. ನೀನು ಕೇಳಿದ್ದೆ. ನಿನ್ನ ತಪ್ಪು ಏನೂ ಇಲ್ಲ.

ಮಂಗಳವಾರ ಪ್ರಕಾಶಕರ ಹತ್ತಿರ ಹೋಗಿ ಎಲ್ಲ ಒಪ್ಪಿಕೊಂಡೆ. ಬೈಯಲಿಲ್ಲ. ಕಾಫಿ ತರಿಸಿಕೊಟ್ಟು, ಕಾನೂನಿನ ಪುಸ್ತಕ ವಾಪಸು ತೆಗೆದುಕೊಂಡರು. ಮೂವತ್ತೇಳು ಹೆಸರಿನ ಒಂದು ಹಾಳೆ ಅಚ್ಚು ಹಾಕಿ, ಉಳಿದಿರುವ ಪ್ರತಿಗಳಿಗೆ ಅಂಟಿಸುತ್ತಾರಂತೆ. ಮಾರಾಟವಾದವು ಮಾರಾಟವಾದವು.

ನಿನ್ನನ್ನು ಕ್ಷಮೆ ಕೇಳಲು ಮುಖವಿಲ್ಲ. ಆದರೂ ಕೇಳುತ್ತೇನೆ.

ನಿನ್ನ ಅಕ್ಕ

(ಬರೆದವಳ ಮಾತು: ನಿಮ್ಮ ಅಕ್ಕ ಇದನ್ನು ಹೇಳುವಾಗ ಅತ್ತರು. ಅದನ್ನು ಬರೆಯಬೇಡಿ ಎಂದರು. ನಿಮಗೆ ಗೊತ್ತಿರಲಿ ಎಂದು ಬರೆದಿದ್ದೇನೆ. ನಮ್ಮಣ್ಣನ ಹೆಸರನ್ನು ಈ ಹಾಳೆಯ ಹಿಂದೆ ಬರೆದಿದ್ದೇನೆ. ನಿಮ್ಮ ಉತ್ತರವನ್ನೂ ನಾನೇ ಓದಿ ಹೇಳುತ್ತೇನೆ.)

&nbsp;

1 ಮಾರ್ಚ್ 1987

ಅಕ್ಕ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಈ ಏಳು ತಿಂಗಳು ನಿನ್ನ ಬಗ್ಗೆ ನಾನು ಏನೇನು ಅಂದುಕೊಂಡೆ ಎಂದು ಹೇಳುವುದಿಲ್ಲ. ಕಾಣುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ನಾನೇನು ನಗುತ್ತಿದ್ದೆನೇ? ನನಗೂ ಬುದ್ಧಿ ಇರಲಿಲ್ಲ. ಎದೆಗೆ ಇಳಿದ ಜ್ವರವನ್ನು 'ಅಂಥದ್ದೇನಿಲ್ಲ' ಎಂದು ಬರೆದವಳು ನಾನೇ ತಾನೇ.

ಕೋಣೆ ಬಿಟ್ಟು ಇಲ್ಲಿಗೆ ಬಂದುಬಿಡು. ಇಲ್ಲಿ ಮೆಟ್ಟಿಲಿಲ್ಲ. ನಾದಿನಿಯ ಗಂಡ ಬಂದು ಕರೆದುಕೊಂಡು ಬರುತ್ತಾರೆ. ಜಗಳ ಆಡುವುದಿದ್ದರೆ ಎದುರಿಗೆ ಕೂತು ಆಡೋಣ.

ಸಣ್ಣಿ

ತಾಯಿ, ಅಕ್ಕನಿಗೆ ಓದಿ ಹೇಳುವುದು ಇಲ್ಲಿಗೆ ಮುಗಿಯಿತು. ಮುಂದಿನದು ನಿಮಗೆ. ದಯವಿಟ್ಟು ಮೊದಲು ಮನಸ್ಸಿನಲ್ಲೇ ಓದಿಕೊಳ್ಳಿ.

ನನ್ನ ತಪ್ಪು ಏನೂ ಇಲ್ಲ ಎಂದು ಅಕ್ಕ ಬರೆಸಿದ್ದಾಳೆ. ಅದನ್ನು ನಿಮ್ಮ ಕೈಬರಹದಲ್ಲಿ ಓದಿದ ಮೇಲೆ ಸುಮ್ಮನಿರಲು ನನ್ನಿಂದಾಗುತ್ತಿಲ್ಲ. ನಿಮ್ಮ ಅಣ್ಣನ ಚೀಟಿ ಪೆಟ್ಟಿಗೆಯಲ್ಲಿತ್ತು, ಮೂವತ್ತೇಳೂ ಇದ್ದವು. ನನ್ನ ಗಂಡ ಹೋದ ಸುದ್ದಿಗೆ 'ಎಬ್ಬಿಸಿ ಕೂರಿಸು' ಎಂದು ಉತ್ತರ ಬಂದ ದಿನ, ಅವಳು ನನ್ನ ಕಾಗದ ಓದಿಲ್ಲ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಓದಲು ಆಗುತ್ತಿಲ್ಲ ಎಂದು ಹೊಳೆಯಲಿಲ್ಲ. ಓದುವಷ್ಟೂ ನಾನು ಅವಳಿಗೆ ಬೇಡವಾದೆ ಎಂದುಕೊಂಡೆ. ಇನ್ನೊಂದು ಸಲ ಬರೆದು ಕೇಳಬಹುದಿತ್ತು. ಕೇಳದೆ ಚೀಟಿಗಳನ್ನು ಇಟ್ಟು ಕಳಿಸಬಹುದಿತ್ತು. ಅವಳ ನಿಯಮವನ್ನು ಅವಳಿಗೇ ತಿನ್ನಿಸಬೇಕು, ಒಂದು ದಿನ ಯಾರಾದರೂ ಬಂದು ಅವಳ ಮುಖಕ್ಕೇ ಕೇಳಬೇಕು, ಎಲ್ಲರೆದುರು ಅವಳ ಹೆಸರು ಮಣ್ಣುಪಾಲಾಗಬೇಕು ಎಂದು ಹಟ ಹಿಡಿದೆ. ಎರಡು ಸಾವಿರ ಚೀಟಿಗಳ ನಡುವೆ ಅವರೆಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದರು. ಒಬ್ಬೊಬ್ಬರನ್ನೇ ಹುಡುಕಿ ತೆಗೆಯಲು ಒಂದು ಇಡೀ ಮಧ್ಯಾಹ್ನ ಬೇಕಾಯಿತು. ಬಿಡಬೇಡ ಎಂದ ನನ್ನ ಗಂಡನ ಮಾತೂ ನೆನಪಿತ್ತು. ಬರುವ 'ಯಾರಾದರೂ' ಒಬ್ಬನ ತಂಗಿಯಾಗಿರುತ್ತಾರೆ, ಅವರ ತಾಯಿ ಪುಸ್ತಕ ಮುಚ್ಚಿಡುತ್ತಾರೆ ಎಂಬುದು ತಲೆಗೇ ಬರಲಿಲ್ಲ.

ಎಲ್ಲ ತನ್ನ ಕಣ್ಣಿನಿಂದಲೇ ಆಯಿತೆಂದು ಅಕ್ಕ ಮೂವತ್ತೊಂದು ವರ್ಷದ ಕೆಲಸ ಬಿಟ್ಟು ಕೂತಿದ್ದಾಳೆ. ಇದನ್ನು ಓದಿ ಹೇಳಿದರೆ ಅವಳು ಇಲ್ಲಿಗೆ ಬರುವುದಿಲ್ಲ. ಹೇಳದಿದ್ದರೆ ಬರುತ್ತಾಳೆ, ಸಾಯುವವರೆಗೂ ನನ್ನ ಕ್ಷಮೆ ಕೇಳುತ್ತಾ ನನ್ನ ಜೊತೆ ಇರುತ್ತಾಳೆ. ಎರಡರಲ್ಲಿ ಯಾವುದನ್ನು ತಡೆದುಕೊಳ್ಳಬಲ್ಲೆ ಎಂದು ನನಗೆ ತಿಳಿಯದು. ನೀವು ಹೇಗೆ ಮಾಡಿದರೂ ನನಗೆ ಆಡಲು ಮಾತಿಲ್ಲ.

ನಿಮ್ಮ ಅಣ್ಣನ ಚೀಟಿ ನನಗೆ ಚೆನ್ನಾಗಿ ನೆನಪಿದೆ. ಪುಟದ ಸಂಖ್ಯೆ ಬಿಟ್ಟು ಬೇರೇನೂ ಬರೆಯಬಾರದೆಂದಿದ್ದರೂ ಅವರದರಲ್ಲಿ ನಾನು ವಯಸ್ಸನ್ನೂ ಬರೆದಿದ್ದೆ. ಹತ್ತೊಂಬತ್ತು. ಅದನ್ನು ಓದಿಯೇ ತೆಗೆದೆ.